ನಾಲ್ಕಕ್ಕೆ ಎರಡು

ತನ್ನ ದಿನಸಿ ಚೀಲವನ್ನು ಸೊಸೆ ರಬಾಬ್ ಇಣುಕಿ ನೋಡಿದ್ದು ಇನ್‌ಶಿರಾಹ್‌ಳ ಕಣ್ಣಿಗೆ ಬಿತ್ತು. ಚೀಲದಲ್ಲಿದ್ದದ್ದು ಆರು ಕಿಲೋ ಮೈದಾ, ಎರಡು ಕಿಲೋ ತುಪ್ಪ. ಈದ್‌ಗೆ ಮೂರೇ ದಿನ. ಶುಬ್ರಾ ಬಡಾವಣೆಯ ಹೆಂಗಸರೆಲ್ಲ ಹಬ್ಬದ ಕಹ್ಕ್ ಬಿಸ್ಕತ್ತಿನ ತಟ್ಟೆ ಹೊತ್ತು ಬೇಕರಿಯ ಮುಂದೆ ಸಾಲುಗಟ್ಟಿದ್ದರು.

"ಅತ್ತೆ, ನಿಮ್ಮದು ಮೂರಕ್ಕೆ ಒಂದಾಯ್ತು," ಎಂದಳು ರಬಾಬ್. "ನಂಗೆ ಹೇಳಿದ್ದು ಮೈದಾ ನಾಲ್ಕಕ್ಕೆ ತುಪ್ಪ ಎರಡು. ಅಂದ್ರೆ ಎರಡಕ್ಕೇ ಒಂದು."

"ಅಲ್ಲೂ ತುಪ್ಪ ಎರಡು, ಇಲ್ಲೂ ತುಪ್ಪ ಎರಡು. ಕಾಲೇಜು ಓದಿದೋಳಿಗೆ ಅಷ್ಟೂ ತಿಳಿಯಲ್ವಾ?"

ಹೊಸ ಸೊಸೆಯ ಮೊದಲ ತಟ್ಟೆ ಕೆಟ್ಟರೆ ಆ ಮಾತು ಅವಳ ಮಕ್ಕಳ ಮದುವೆಯವರೆಗೂ ಬೆನ್ನು ಬಿಡುವುದಿಲ್ಲ. ಅತ್ತೆಯ ಅಳತೆ ಮೀರಿದರೆ ಅದಕ್ಕಿಂತ ದೊಡ್ಡ ರಂಪ. ರಬಾಬ್ ಭಯದಲ್ಲೇ, ಹೇಳಿದಂತೆಯೇ ಹಿಟ್ಟು ಕಲಸಿದಳು.

ಇನ್‌ಶಿರಾಹ್ ಒಳಗೊಳಗೇ ನಕ್ಕಳು. ಅಳತೆ ಕೇಳಿದರೆ ಇಲ್ಲ ಎನ್ನುವುದು ಅವಮಾನ, ಸರಿಯಾಗಿ ಹೇಳುವುದು ದಡ್ಡತನ. ಆ ಓಣಿಯಲ್ಲಿ ಯಾರೂ ಒಂದನ್ನಾದರೂ ತಿರುಚದೆ ಹೇಳಿದವರಲ್ಲ. ಅಷ್ಟು ತುಪ್ಪಕ್ಕೆ ಸೊಸೆಯ ಕಹ್ಕ್ ಒಲೆಯಲ್ಲೇ ಸಗಣಿಯಂತೆ ಹರಡಿಕೊಳ್ಳಲಿ. ತನ್ನ ಮೂರಕ್ಕೆ ಒಂದರ ಅಳತೆ ಖುದ್ದು ತನ್ನ ಅತ್ತೆ ಬಹಿಯ್ಯಾ ಕೊಟ್ಟದ್ದು. ಮೂವತ್ತು ವರ್ಷದಿಂದ ಇನ್‌ಶಿರಾಹ್ ಬೇರೆ ಮನೆಯ ಕಹ್ಕನ್ನು ಬಾಯಿಗೂ ಇಟ್ಟಿರಲಿಲ್ಲ. ಕಂಡವರ ಕೈಯ ಮೆತ್ತನೆ ಹಿಟ್ಟು ಯಾರಿಗೆ ಬೇಕು?

ಹಬ್ಬದ ಬೆಳಿಗ್ಗೆ ಎರಡೂ ತಟ್ಟೆ ಮೇಜಿನ ಮೇಲೆ ಬಂದವು. ಗಂಡಸರು ಇನ್‌ಶಿರಾಹ್‌ಳ ಕಹ್ಕನ್ನು ಚಹಾದಲ್ಲಿ ನೆನೆಸಿ, ಹೊಗಳಿ, ಕಷ್ಟಪಟ್ಟು ಅಗಿದರು. ಬಹಿಯ್ಯಾ ಎಂದಿನಂತೆ ಹಲ್ಲಿಲ್ಲವೆಂದು ಆ ತಟ್ಟೆ ಪಕ್ಕಕ್ಕೆ ಸರಿಸಿದಳು.

ರಬಾಬ್‌ಳದು ಹರಡಿರಲಿಲ್ಲ. ಅಚ್ಚಿನ ಗೆರೆಗಳು ಹಾಗೇ ನಿಂತಿದ್ದವು. ಮುದುಕಿ ಒಂದನ್ನು ಬಾಯಿಗಿಟ್ಟಳು, ಕಣ್ಣು ಮುಚ್ಚಿದಳು, ಇನ್ನೊಂದಕ್ಕೆ ಕೈ ಚಾಚಿದಳು.

"ಹಲ್ಲಿಲ್ಲದವರಿಗೆ ಅದೇ ಸರಿ ಬಿಡಿ," ಎಂದಳು ಇನ್‌ಶಿರಾಹ್.

ಬಹಿಯ್ಯಾ ತುಟಿಗಂಟಿದ ಸಕ್ಕರೆ ಒರೆಸಿಕೊಂಡಳು. ನೀನು ಅಡುಗೆಮನೆ ಹಿಡಿದ ಮೇಲೆ ನನ್ನ ಅಳತೆಯ ಕಹ್ಕ್ ನಾನು ತಿನ್ನುತ್ತಿರುವುದು ಇದೇ ಮೊದಲು ಎಂದು ಇನ್‌ಶಿರಾಹ್‌ಳತ್ತ ತಿರುಗಿದಳು.

"ನಿಂಗೆ ಅಳತೆ ಹೇಳುವಾಗ ನಾನು ತುಪ್ಪ ಕಡಿಮೆ ಹೇಳಿದ್ದೆ ಕಣೇ."