ಖಾಲಿ ಸಾಲು

ಹುತಾತ್ಮ ಯೋಧರ ನೆನಪಿಗೆ ಊರಲ್ಲಿ ಗಡಿಯಾರ ಗೋಪುರ ಎದ್ದಿತು. ಅದರ ಬುಡದಲ್ಲಿ ಅವರ ಹೆಸರು ಕೆತ್ತಿದ ಕಲ್ಲು. ಕೊನೆಯ ಸಾಲು ಖಾಲಿ.

“ಇದ್ಯಾಕ್ರೀ ಗೌಡ್ರ, ಖಾಲಿ?” ಎಂದಳು ನೀಲವ್ವ.

“ಮುಂದ ಬೇಕಾಗ್ತೈತವ್ವಾ. ಮತ್ತ ಹೊಸ ಕಲ್ಲು ಯಾರು ತರಾವ್ರು?” ಎಂದರು ಪಂಚಾಯ್ತಿ ಅಧ್ಯಕ್ಷ ಚನ್ನಬಸನಗೌಡರು. ಬಸ್ ನಿಲ್ದಾಣದಿಂದ ದನದ ತೊಟ್ಟಿಯವರೆಗೆ ಊರಿನ ಕಲ್ಲುಗಳ ಮೇಲೆಲ್ಲ ಅವರ ಹೆಸರೇ ಇತ್ತು.

ಊರಿನಿಂದ ಈಗ ಸೈನ್ಯದಲ್ಲಿದ್ದವನು ನೀಲವ್ವನ ಮಗ ಒಬ್ಬನೇ. ಅವಳಿಗೆ ಅನ್ನ ಸೇರಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಕಲ್ಲುಕುಟಿಗನ ಬಳಿ ಹೋದಳು.

“ಆ ಸಾಲು ತುಂಬಬೇಕಂತಪ್ಪ. ಗೌಡ್ರು ಹೇಳಿ ಕಳಿಸ್ಯಾರ.”

“ಯಾರ ಹೆಸರವ್ವಾ?”

ಅವಳು ಹೇಳಿದಳು.

“ನನಗ ಮೊದಲ ಗೊತ್ತಿತ್ತು,” ಎಂದು ಅವನು ಉಳಿ ಎತ್ತಿಕೊಂಡ.

ಮರುದಿನ ಮಂತ್ರಿಗಳು ಪರದೆ ಸರಿಸಿದರು. ‘ದೇಶಕ್ಕಾಗಿ ಪ್ರಾಣ ಕೊಟ್ಟವರು’ ಎಂಬ ತಲೆಬರಹದ ಕೆಳಗೆ, ಕೊನೆಯ ಸಾಲಿನಲ್ಲಿ, ಹೊಳೆಯುವ ಹೊಸ ಅಕ್ಷರಗಳು: ಚನ್ನಬಸನಗೌಡ, ಪಂಚಾಯ್ತಿ ಅಧ್ಯಕ್ಷರು.