ಎಡಗಡೆಯ ಕುರ್ಚಿ

೨೦೧೯ರ ಫೆಬ್ರವರಿ ೧೨, ಸಂಜೆ ಏಳು ಗಂಟೆ ನಾಲ್ಕು ನಿಮಿಷ. ಜಿಲ್ಲೆಯನ್ನು ಒಡೆದು ಎರಡು ಮಾಡಬೇಕೋ ಬೇಡವೋ ಎಂಬ ಟಿವಿ ಚರ್ಚೆಯಲ್ಲಿ ಪತ್ರಕರ್ತರ ಪರಿಚಯ ಮುಗಿದು ಬ್ರೇಕ್ ಬಿದ್ದಿತ್ತು. ಮೊದಲ ಸಲ ಟಿವಿಗೆ ಬಂದಿದ್ದ ವಿರೂಪಾಕ್ಷಯ್ಯನವರು ಎದುರಿನ ಪರದೆ ನೋಡಿ ಹೌಹಾರಿದರು. ಜಿಲ್ಲೆ ಒಡೆಯಕೂಡದೆಂದು ಇಪ್ಪತ್ತು ವರ್ಷ ಅಂಕಣ ಬರೆದವರ ಮುಖದ ಕೆಳಗೆ ‘ಪರ’ ಎಂದಿತ್ತು.

“ಏನಮ್ಮಾ ಇದು? ನಾನು ವಿರೋಧ!”

“ಎಡಗಡೆ ಕುರ್ಚಿ ಪರ, ಬಲಗಡೆ ವಿರೋಧ ಸಾರ್. ನೀವೇ ಹೋಗಿ ಎಡಕ್ಕೆ ಕೂತ್ಕೊಂಡ್ರಿ,” ಎಂದಳು ಕಾರ್ಯಕ್ರಮದ ನಿರ್ಮಾಪಕಿ.

“ಹಾಗಾದ್ರೆ ಕುರ್ಚಿ ಬದಲಾಯಿಸ್ತೀನಿ.”

“ಲೈಟೆಲ್ಲ ನಿಮ್ಮನಿಮ್ಮ ಎತ್ತರಕ್ಕೆ ಸೆಟ್ ಆಗಿದೆ. ಅಭಿಪ್ರಾಯ ಬದಲಾಯಿಸ್ಕೊಳ್ಳಿ ಸಾರ್, ಅದು ಸುಲಭ.”

“ಇಡೀ ಊರು ನೋಡ್ತಿದೆ, ನನ್ನ ಮಾನ ಏನಾಗ್ಬೇಕು? ಎದ್ದು ಹೋಗ್ತೀನಿ!”

“ಹೋಗಿ ಸಾರ್. ಮತ್ತೆ ಕರೆಯಲ್ಲ, ಅಷ್ಟೆ.”

ಬಲಗಡೆಯ ಕುರ್ಚಿಯಿಂದ, ಜಿಲ್ಲೆ ಒಡೆಯಲೇಬೇಕೆಂದು ಬರೆಯುತ್ತಿದ್ದ ಎದುರಾಳಿ ಕಾಮತರು ಬಾಗಿ ಪಿಸುಗುಟ್ಟಿದರು: “ನಂದೇನೂ ತಕರಾರಿಲ್ಲ ಮಾರಾಯ್ರೆ. ನಿಮ್ಮ ಅಂಕಣ ನಂಗೆ ಬಾಯಿಪಾಠ.”

ಕ್ಯಾಮೆರಾದ ಮೇಲೆ ಕೆಂಪು ದೀಪ ಹೊತ್ತಿತು. ವಿರೂಪಾಕ್ಷಯ್ಯನವರು ಗಂಟಲು ಸರಿಮಾಡಿಕೊಂಡು, ಶಾಲು ಎಳೆದುಕೊಂಡು, ಮೇಜು ಗುದ್ದಿದರು.

“ಅಲ್ರೀ, ಜಿಲ್ಲೆ ಒಡೆದ್ರೆ ತಪ್ಪೇನು?”

ಎರಡೂ ಕುರ್ಚಿಗಳ ನಡುವಿನ ಅಂತರ ಎಂಬತ್ತು ಸೆಂಟಿಮೀಟರ್.