ಮೂರನೇ ಕ್ರಾಸಿನ ಮಹಾಯುದ್ಧ

"ದ್ರೋಹಿ ನಮ್ಮ ಕ್ರಾಸಲ್ಲೇ ಇದಾನೆ!" ಜಂಬಣ್ಣನವರು ಮೇಜು ಗುದ್ದಿದರು. ಕಾಫಿ ಲೋಟಗಳು ಕುಣಿದವು.

ಬಸವೇಶ್ವರನಗರದ ಮೂರನೇ ಕ್ರಾಸಿಗೂ ನಾಲ್ಕನೇ ಕ್ರಾಸಿಗೂ ಗಣಪತಿ ಕೂರಿಸುವುದರಲ್ಲಿ ಏಳು ವರ್ಷದಿಂದ ಯುದ್ಧ. ಅವರು ಎಂಟಡಿ ಗಣಪ ತಂದರೆ ಇವರು ಹತ್ತಡಿ. ಇವರು ಆರ್ಕೆಸ್ಟ್ರಾ ಕರೆಸಿದರೆ ಅವರು ಟಿವಿ ನಟಿಯನ್ನು. ಇರಾಕ್ ಯುದ್ಧದ ಖರ್ಚನ್ನು ಪೇಪರಿನಲ್ಲಿ ಓದಿ ಅಮೆರಿಕದವರಿಗೆ ಬುದ್ಧಿಯಿಲ್ಲ ಎಂದು ಬೈಯುವವರೂ ಜಂಬಣ್ಣನವರೇ, ಮರುಗಳಿಗೆ ರಸೀದಿ ಪುಸ್ತಕ ಹಿಡಿದು ಮನೆ ಮನೆ ಹತ್ತುವವರೂ ಅವರೇ. ಏಳು ವರ್ಷದಿಂದ ಮೂರನೇ ಕ್ರಾಸಿನ ಗಣಪತಿ ಸಂಘಕ್ಕೆ ಅವರೇ ಅಧ್ಯಕ್ಷರು. ಮುಂದೆ ಕಾರ್ಪೊರೇಟರ್ ಟಿಕೆಟ್ಟಿನ ಮೇಲೂ ಕಣ್ಣು. ಯುದ್ಧ ನಡೆಯುವಾಗ ಸೇನಾಪತಿಯನ್ನು ಇಳಿಸುವವರುಂಟೇ?

ಖಜಾಂಚಿ ಪುರುಷೋತ್ತಮನಿಗೆ ಸಾಕುಸಾಕಾಗಿತ್ತು. ಚಂದಾ ಕೇಳಲು ಹೋದರೆ ಜನ ಬಾಗಿಲೇ ತೆಗೆಯುತ್ತಿರಲಿಲ್ಲ; ಒಳಗೆ ಟಿವಿ ಸದ್ದು ಮಾತ್ರ ಕೇಳುತ್ತಿತ್ತು. ಬೋರ್‌ವೆಲ್ ರಿಪೇರಿಗೆಂದು ಎತ್ತಿಟ್ಟಿದ್ದ ದುಡ್ಡೂ ಸೀರಿಯಲ್ ಲೈಟಿಗೆ ಹೋಗಿತ್ತು. ಆ ಕಡೆಯವರೂ ಸುಸ್ತಾಗಿದ್ದರು. ಹೋದ ತಿಂಗಳು ಅವರ ಅಧ್ಯಕ್ಷ ದೊಡ್ಡಣ್ಣ ತಾನಾಗಿಯೇ ಸಂಘದವರ ಬಳಿ ಬಂದು, "ಎರಡೂ ಕ್ರಾಸಿಗೆ ಒಂದೇ ಗಣಪತಿ ಸಾಕು ಸಾರ್. ನಮಗೆ ಪೆಂಡಾಲಿಗೂ ಗತಿ ಇಲ್ಲ," ಎಂದಿದ್ದ. ಪುರುಷೋತ್ತಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಒಂದು ವಾರ ಕಳೆಯುವಷ್ಟರಲ್ಲಿ ನಾಲ್ಕನೇ ಕ್ರಾಸಿನಲ್ಲಿ ಪೆಂಡಾಲ್ ಎದ್ದು ನಿಂತಿತು. ಯಾರೋ ಗುಪ್ತದಾನಿಯಂತೆ. ಅವರು ಸೋಲುವ ಹೊತ್ತಿಗೆ ಪ್ರತಿ ವರ್ಷವೂ ಹೀಗೆಯೇ.

ಆ ದಾನಿ ಮೂರನೇ ಕ್ರಾಸಿನವನೇ ಎಂಬ ಗುಸುಗುಸು ಎದ್ದು, ಹಬ್ಬದ ಸಂಜೆಯೇ ತುರ್ತು ಸಭೆ.

"ರಾಜಿ ರಾಜಿ ಅಂತ ಬಡ್ಕೊಳ್ತಿದ್ದೋರು ನೀವೇ ಅಲ್ವಾ ಪುರುಷೋತ್ತಮ್? ಲೆಕ್ಕ ಒಪ್ಸಿ ಮನೆಗೆ ನಡೀರಿ," ಎಂದರು ಜಂಬಣ್ಣನವರು.

ಪುರುಷೋತ್ತಮ ಕುರ್ಚಿಯಿಂದ ಎದ್ದು ನಿಂತ. ಇದೇ ಬೀದಿಯಲ್ಲಿ ಮರ್ಯಾದೆಯಿಂದ ಬಾಳಿದವನು ದ್ರೋಹಿ ಎನಿಸಿಕೊಂಡು ನಾಳೆ ಹಾಲಿನ ಬೂತಿಗೆ ಹೇಗೆ ಹೋಗುವುದು?

"ಗಣಪತಿ ಆಣೆಗೂ ನಾನು ಒಂದು ಪೈಸೆ ಕೊಟ್ಟಿಲ್ಲ ಸಾರ್!"

ಯಾರೂ ನಂಬಲಿಲ್ಲ. ದುಃಖಕ್ಕಿಂತ ಅವಮಾನವೇ ಅವನನ್ನು ಹೆಚ್ಚು ಸುಟ್ಟಿತು.

"ಈಗ ವಿಸರ್ಜನೆ ಮೆರವಣಿಗೆಗೆ ಇನ್ನೊಂದು ರೌಂಡ್ ಚಂದಾ. ಅವ್ರನ್ನ ಮುಗಿಸೇಬಿಡೋಣ," ಎಂದು ಜಂಬಣ್ಣನವರು ಎದ್ದರು. ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಪಕ್ಕದ ಕ್ರಾಸಿನ ಮೈಕು ಕೀರಲು ಸದ್ದು ಮಾಡಿತು. ಈ ಸಲ ಅದು ಹೊಸಬರಾದ ಹನುಮಯ್ಯನವರ ಕೈಯಲ್ಲಿತ್ತು. ದಾನ ಕೊಟ್ಟವರ ಹೆಸರು ಕೂಗದೆ ಮಂಗಳಾರತಿ ಎತ್ತಬಾರದೆನ್ನುವ ಹಳೇ ಕಾಲದ ಮನುಷ್ಯ.

"ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಪೆಂಡಾಲಿನ ಪೂರ್ತಿ ಖರ್ಚು ವಹಿಸಿಕೊಂಡು, ದಯವಿಟ್ಟು ಹೆಸರು ಹೇಳಬೇಡಿ ಎಂದು ಕೈಮುಗಿದು ಕೇಳಿಕೊಂಡಿರುವ ಮೂರನೇ ಕ್ರಾಸಿನ ಶ್ರೀ ಜಂಬಣ್ಣನವರಿಗೆ ಗಣಪತಿ ಒಳ್ಳೆಯದು ಮಾಡಲಿ!"